ರೇಸ್ ಬೋಟಿನ ಇಂಜಿನ್ ಬಿಸಿಯಾಗುತ್ತಿದೆಯಾ? ಮೊದಲು ನೀರು ಹೊರಬೀಳುವ ಜಾಗ ನೋಡಿ

ಮೊದಲ ಎರಡು ಸುತ್ತು ದೋಣಿ ಚೆನ್ನಾಗಿ ಓಡುತ್ತದೆ. ಮೂರನೇ ಸುತ್ತಿಗೆ ಇಂಜಿನ್ ಸದ್ದು ಮಂಕಾಗುತ್ತದೆ. ಥ್ರಾಟಲ್ ಕೊಟ್ಟರೂ ವೇಗ ಏರುವುದಿಲ್ಲ. ದಡಕ್ಕೆ ತಂದು ಕೌಲ್ (ಇಂಜಿನ್ ಮೇಲಿನ ಮುಚ್ಚಳ) ತೆಗೆದರೆ ಹೆಡ್ (ಇಂಜಿನ್ನಿನ ತಲೆಭಾಗ) ಮೇಲೆ ಕೈ ಇಡಲಾಗದಷ್ಟು ಬಿಸಿ. ಆಮೇಲೆ ಶುರುವಾಗುತ್ತದೆ ನೋಡಿ, ಕಾರ್ಬ್ಯುರೇಟರ್ ಸೂಜಿ ತಿರುಗಿಸುವುದು, ಪ್ಲಗ್ ಬದಲಿಸುವುದು, ಸಣ್ಣ ಪ್ರೊಪೆಲ್ಲರ್ ಹಾಕುವುದು. ಒಂದು ಇಡೀ ಭಾನುವಾರ ಹೀಗೇ ಕಳೆದುಹೋಗುತ್ತದೆ.

ಇದು ರಿಮೋಟಿನಲ್ಲಿ ಓಡುವ ಮಾಡೆಲ್ ರೇಸ್ ಬೋಟುಗಳ ಬಗ್ಗೆ ಬರೆದಿದ್ದು. ಪೆಟ್ರೋಲ್ ಇಂಜಿನ್ ಇರಲಿ, ನೈಟ್ರೋ (ನೈಟ್ರೋಮೀಥೇನ್ ಬೆರೆಸಿದ ಇಂಧನದಲ್ಲಿ ಓಡುವ ಪುಟ್ಟ ಇಂಜಿನ್) ಇರಲಿ, ಬ್ರಷ್‌ಲೆಸ್ ಮೋಟಾರ್ ಇರಲಿ, ನೀರು ಓಡುವ ರೀತಿ ಒಂದೇ. ಇಂಜಿನ್ ಬಿಸಿಯಾದಾಗ ನಾನು ಸ್ಪ್ಯಾನರ್ ಕೈಗೆ ತೆಗೆದುಕೊಳ್ಳುವ ಮೊದಲು, ಇಂಜಿನ್ ತಂಪು ಮಾಡಿದ ನೀರು ಹೊರಬೀಳುವ ತೂತು, ಅಂದರೆ ಔಟ್‌ಲೆಟ್ ನೋಡುತ್ತೇನೆ. ಬಿಸಿನೀರನ್ನು ಹೊರಗೆ ಹಾಕುವುದು ಔಟ್‌ಲೆಟ್‌ನ ಅರ್ಧ ಕೆಲಸ ಅಷ್ಟೇ. ಇನ್ನರ್ಧ ಕೆಲಸ ದಡದಲ್ಲಿ ನಿಂತಿರುವ ನಿಮಗೆ ಸುದ್ದಿ ಮುಟ್ಟಿಸುವುದು. ಹೆಡ್ ಮೇಲೆ ಬಿಸಿ ಅಳೆಯುವ ಸೆನ್ಸರ್ ಕೂರಿಸಿದ್ದರೂ ಅದು ಹೇಳುವುದು ಇಂಜಿನ್ ಬಿಸಿಯಾದ ಮೇಲೆ. ನೀರಿನ ಧಾರೆ ಮಾತ್ರ ಬಿಸಿಯಾಗುವ ಮೊದಲೇ ಹೇಳಿಬಿಡುತ್ತದೆ, ಆದರೆ ಆ ಧಾರೆ ನಿಮ್ಮ ಕಣ್ಣಿಗೆ ಬೀಳುವ ಜಾಗದಲ್ಲಿ ಇರಬೇಕು, ಮತ್ತೆ ಅದು ನಿಜ ಹೇಳುವ ಹಾಗೆ ಪೈಪು ಜೋಡಿಸಿರಬೇಕು.

ನೀರು ಯಾಕೆ ಓಡುತ್ತದೆ

ಈ ದೋಣಿಗಳಲ್ಲಿ ಸಾಮಾನ್ಯವಾಗಿ ಪಂಪ್ ಇರುವುದಿಲ್ಲ. ರಡ್ಡರ್ (ಚುಕ್ಕಾಣಿ) ಒಳಗೋ, ಟ್ರಾನ್ಸಮ್ (ದೋಣಿಯ ಹಿಂಬದಿ ಗೋಡೆ) ಕೆಳಗೋ, ಮುಂದಕ್ಕೆ ಮುಖ ಮಾಡಿದ ಒಂದು ಪಿಕಪ್, ಅಂದರೆ ನೀರು ಒಳಬರುವ ಕೊಳವೆ ಬಾಯಿ ಇರುತ್ತದೆ. ದೋಣಿ ಮುಂದೆ ಹೋದ ಹಾಗೆ ನೀರು ತಾನಾಗಿ ಅದರೊಳಗೆ ನುಗ್ಗುತ್ತದೆ. ನುಗ್ಗುವ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು.

ಲೆಕ್ಕ ಹಾಕಿದರೆ ಗಂಟೆಗೆ 18 ಕಿ.ಮೀ. ವೇಗದಲ್ಲಿ ಸಿಗುವ ಒತ್ತಡ ನೀರನ್ನು ಸುಮಾರು 1.25 ಮೀಟರ್ ಮೇಲೆತ್ತಬಲ್ಲದು. 36 ಕಿ.ಮೀ.ಗೆ 5 ಮೀಟರ್. 72 ಕಿ.ಮೀ.ಗೆ 20 ಮೀಟರ್, ಅಂದರೆ ಹತ್ತಿರ ಹತ್ತಿರ 2 ಬಾರ್. ಇವು ಪಿಕಪ್ ಬಾಯಲ್ಲಿ ಸಿಗಬಹುದಾದ ಗರಿಷ್ಠ ಅಂಕಿಗಳು. ಪೈಪಿನ ತಿರುವು, ಕಿರಿದಾದ ನಿಪ್ಪಲ್ (ಟ್ಯೂಬ್ ಸಿಕ್ಕಿಸುವ ಪುಟ್ಟ ಲೋಹದ ಕೊಳವೆ) ಇವೆಲ್ಲ ಸ್ವಲ್ಪ ಸ್ವಲ್ಪ ತಿನ್ನುತ್ತವೆ. ಆದರೂ ಈ ಅಂಕಿಗಳಿಂದ ಒಂದು ವಿಷಯ ಖಚಿತವಾಗುತ್ತದೆ. ಔಟ್‌ಲೆಟ್ ಹತ್ತು ಸೆಂಟಿಮೀಟರ್ ಮೇಲಿದ್ದರೆ ನೀರು ಹತ್ತುವುದಿಲ್ಲ ಅಂತ ಹೆದರಿ ಅದನ್ನು ಕೆಳಗೆ ಕೊರೆಯುವವರಿದ್ದಾರಲ್ಲ, ಆ ಹೆದರಿಕೆಗೆ ಅರ್ಥವಿಲ್ಲ. 10 ಸೆಂ.ಮೀ. ಎತ್ತಲು ಗಂಟೆಗೆ 5 ಕಿ.ಮೀ. ವೇಗ ಸಾಕು. ನಡೆಯುವ ವೇಗ ಅದು.

ಇನ್ನೊಂದು ಹೆದರಿಕೆ ಗಾಳಿಯದ್ದು. ಔಟ್‌ಲೆಟ್ ಬಾಯಿಗೆ ಎದುರುಗಾಳಿ ಹೊಡೆದು ನೀರು ನಿಲ್ಲುತ್ತದೆ ಅನ್ನುತ್ತಾರೆ. ಗಾಳಿ ನೀರಿಗಿಂತ 800 ಪಟ್ಟಿಗೂ ಹೆಚ್ಚು ಹಗುರ. 72 ಕಿ.ಮೀ. ವೇಗದಲ್ಲೂ ಅದರ ಒತ್ತಡ ಎರಡೂವರೆ ಸೆಂಟಿಮೀಟರ್ ನೀರಿನಷ್ಟು ಕೂಡ ಆಗುವುದಿಲ್ಲ. ಒಳಗಿಂದ 20 ಮೀಟರ್ ಎತ್ತುವ ಒತ್ತಡ ತಳ್ಳುತ್ತಿರುವಾಗ ಇದು ಲೆಕ್ಕಕ್ಕೇ ಬರುವುದಿಲ್ಲ. ಆದರೆ ಔಟ್‌ಲೆಟ್ ಬಾಯಿಗೆ ನೀರೇ ಬಂದು ಬಡಿದರೆ ಕಥೆ ಬೇರೆ. ಮುಂದಕ್ಕೆ ತಿರುಗಿದ ಔಟ್‌ಲೆಟ್ ನೀರಲ್ಲಿ ಮುಳುಗಿತು ಅಂದರೆ ಅದೂ ಒಂದು ಪಿಕಪ್ ಆಗುತ್ತದೆ. ಎರಡು ಕಡೆಯಿಂದ ಒಂದೇ ಒತ್ತಡ, ನಡುವೆ ಇಂಜಿನ್, ನೀರು ಅಲ್ಲಾಡದೆ ನಿಂತು ಕುದಿಯುತ್ತದೆ.

ಕೊರೆಯುವ ಮೊದಲು ಬಾಟಲಿ ಪರೀಕ್ಷೆ

ಹೊಸ ತೂತು ಕೊರೆಯಲು ಡ್ರಿಲ್ ಹಿಡಿಯಬೇಡಿ, ಸ್ವಲ್ಪ ತಾಳಿ. ಮೊದಲು ಈಗಿರುವ ಲೈನು (ಪಿಕಪ್ಪಿನಿಂದ ಹೊರಗಿನವರೆಗೆ ನೀರು ಓಡುವ ದಾರಿ) ಹೇಗಿದೆ ಅಂತ ತಿಳಿದುಕೊಳ್ಳಿ. ಇಂಜಿನ್ ನಿಲ್ಲಿಸಿ, ದೋಣಿಯನ್ನು ಸ್ಟ್ಯಾಂಡ್ ಮೇಲಿಡಿ. ಎರಡು ಲೀಟರಿನ ಒಂದು ಬಾಟಲಿಯ ತಳ ಕತ್ತರಿಸಿ, ಮುಚ್ಚಳಕ್ಕೆ ಟ್ಯೂಬ್ ಸಿಕ್ಕಿಸಿ, ಟ್ಯೂಬಿನ ಇನ್ನೊಂದು ತುದಿಯನ್ನು ಪಿಕಪ್‌ಗೆ ಗಾಳಿಯಾಡದ ಹಾಗೆ ಜೋಡಿಸಿ. ಬಾಟಲಿಯನ್ನು ತಲೆಕೆಳಗಾಗಿ ಹಿಡಿದು, ಅದರಲ್ಲಿರುವ ನೀರಿನ ಮಟ್ಟ ಔಟ್‌ಲೆಟ್‌ಗಿಂತ ಸರಿಯಾಗಿ 1 ಮೀಟರ್ ಮೇಲಿರುವಂತೆ ನೋಡಿಕೊಳ್ಳಿ. ನೀರು ಇಳಿದ ಹಾಗೆ ಮೇಲಿಂದ ಸುರಿಯುತ್ತಿರಲು ಜೊತೆಗೊಬ್ಬರು ಇದ್ದರೆ ಒಳ್ಳೆಯದು. ಔಟ್‌ಲೆಟ್ ಕೆಳಗೆ ಅಳತೆ ಜಗ್ ಇಟ್ಟು ಒಂದು ನಿಮಿಷ ಹಿಡಿಯಿರಿ.

ಈ 1 ಮೀಟರ್ ಎತ್ತರ ಅಂದರೆ ದೋಣಿ ಗಂಟೆಗೆ 16 ಕಿ.ಮೀ. ವೇಗದಲ್ಲಿ ಓಡುವಾಗ ಪಿಕಪ್‌ಗೆ ಸಿಗುವ ಒತ್ತಡ. ಹರಿವು ಸುಮಾರಾಗಿ ವೇಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ 64 ಕಿ.ಮೀ. ವೇಗದಲ್ಲಿ ಇದರ ನಾಲ್ಕು ಪಟ್ಟು ನೀರು ಬರುತ್ತದೆ ಅಂದುಕೊಳ್ಳಿ. ನಿಮಿಷಕ್ಕೆ 1 ಲೀಟರ್ ನೀರು 20 ಡಿಗ್ರಿ ಬಿಸಿಯೇರಿ ಹೊರಬಿದ್ದರೆ ಅದು ಇಂಜಿನ್‌ನಿಂದ ಸುಮಾರು 1.4 ಕಿಲೋವ್ಯಾಟ್ ಶಾಖ ಹೊತ್ತೊಯ್ದಿದೆ ಅಂತ ಅರ್ಥ. ಒಂದು ಮನೆಯ ಎಲೆಕ್ಟ್ರಿಕ್ ಕೆಟಲ್ ನೀರು ಕಾಯಿಸುವಷ್ಟು ಶಾಖ ಅದು. ಪುಟ್ಟ ಟ್ಯೂಬಿನಲ್ಲಿ ಹೋಗುವ ನೀರು ಎಷ್ಟು ಕೆಲಸ ಮಾಡುತ್ತದೆ ನೋಡಿ!

ಜಗ್‌ನಲ್ಲಿ ಸಿಕ್ಕಿದ ಅಳತೆಯನ್ನು ಬರೆದಿಟ್ಟುಕೊಳ್ಳಿ. ಲೈನು ಸರಿಯಿರುವ ದಿನ ಬರೆದಿಟ್ಟ ಅಂಕಿ ಮುಂದೆ ಕೆಟ್ಟ ದಿನ ಬಹಳ ಉಪಯೋಗಕ್ಕೆ ಬರುತ್ತದೆ. ಎರಡು ಲೈನು ಇದ್ದರೆ ಒಂದೊಂದನ್ನೇ ಅಳೆಯಿರಿ. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂತ ಮುಂದೆ ಗೊತ್ತಾಗುತ್ತದೆ.

ಧಾರೆ ಬರುವುದೇ ಇಲ್ಲ

ಇದು ಸುಲಭದ ಕೇಸು. ಔಟ್‌ಲೆಟ್‌ಗೆ ಒಂದು ತುಂಡು ಟ್ಯೂಬ್ ಹಾಕಿ ಬಾಯಿಂದ ಊದಿ. ಪಿಕಪ್ ತುದಿಯಲ್ಲಿ ಬೆರಳಿಗೆ ಗಾಳಿ ತಾಗಬೇಕು. ತಾಗದಿದ್ದರೆ ಪಿಕಪ್ ಕಡೆಯಿಂದ ಒಂದೊಂದೇ ಜೋಡಣೆ ಬಿಚ್ಚುತ್ತಾ ಮತ್ತೆ ಮತ್ತೆ ಊದಿ. ಯಾವ ಜೋಡಣೆ ಬಿಚ್ಚಿದ ಕೂಡಲೇ ಗಾಳಿ ಸಲೀಸಾಯಿತೋ ಆಗಷ್ಟೇ ಬಿಚ್ಚಿ ಬೇರ್ಪಡಿಸಿದ ಭಾಗದಲ್ಲೇ ಕಸ ಸಿಕ್ಕಿಕೊಂಡಿದೆ. ಪಿಕಪ್ ಬಾಯಲ್ಲಿ ಪಾಚಿ, ಮರಳು, ಒಣಗಿದ ಎಲೆಯ ಚೂರು, ಇವೇ ಜಾಸ್ತಿ. ಸಿಲಿಕೋನ್ ಟ್ಯೂಬ್ ತಿರುವಿನಲ್ಲಿ ಮಡಿಚಿಕೊಂಡಿರುವುದು ಅದರ ನಂತರ. ತಣ್ಣಗಿರುವಾಗ ಸರಿಯಾಗಿ ಕಾಣುವ ಟ್ಯೂಬ್ ಬಿಸಿಯಾದಾಗ ಮೆತ್ತಗಾಗಿ ಮಡಿಚಿಕೊಳ್ಳುವುದೂ ಉಂಟು, ಅದಕ್ಕೆ ತಿರುವಿನಲ್ಲಿ ಒಂದು ಸ್ಪ್ರಿಂಗ್ ಸುತ್ತು ಹೊರಗಡೆಯಿಂದ ತೊಡಿಸಿ.

ಹೊಸದಾಗಿ ಕೂರಿಸಿದ ಔಟ್‌ಲೆಟ್ ಆಗಿದ್ದರೆ ನಿಪ್ಪಲ್ ಒಳಗೆ ಬೆಳಕು ಬಿಟ್ಟು ನೋಡಿ. ಒಮ್ಮೆ ನಾನು ಹಿತ್ತಾಳೆ ನಿಪ್ಪಲನ್ನು ಎಪಾಕ್ಸಿ ಹಚ್ಚಿ ಕೂರಿಸಿದ್ದೆ. ಹೊರಗೆ ಉಕ್ಕಿದ್ದನ್ನು ಚೆನ್ನಾಗಿ ಒರೆಸಿದ್ದೆ. ಒಳಗಡೆ ಒಂದು ಹನಿ ಜಾರಿ, ತೂತಿನ ಒಂದು ಬದಿಯಲ್ಲಿ ಅರ್ಧಚಂದ್ರದ ಹಾಗೆ ಗಟ್ಟಿಯಾಗಿ ಕೂತಿತ್ತು. ಬಣ್ಣವಿಲ್ಲದ ಎಪಾಕ್ಸಿ, ಹಿತ್ತಾಳೆಯ ಹೊಳಪಿನ ಮೇಲೆ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಸೂಜಿ ಹಾಕಿ ಸುತ್ತಲೂ ಸವರಿದಾಗ ಒಂದು ಕಡೆ ಮಾತ್ರ ಟಕ್ ಅಂತ ತಡೆಯಿತು. 4 ಮಿ.ಮೀ. ತೂತಿನಲ್ಲಿ ಉಳಿದಿದ್ದು ಅರ್ಧದಷ್ಟು ದಾರಿ. ಅಂದಿನಿಂದ ನಿಪ್ಪಲ್ ಕೂರಿಸುವಾಗ ಒಳಗೆ ಗ್ರೀಸ್ ಸವರಿದ ಕಡ್ಡಿ ತೂರಿಸಿಟ್ಟು, ಎಪಾಕ್ಸಿ ಒಣಗಿದ ಮೇಲೆ ಎಳೆದು ತೆಗೆಯುತ್ತೇನೆ.

ವೇಗದಲ್ಲಿ ಬರುತ್ತದೆ, ನಿಧಾನಕ್ಕೆ ಓಡಿಸಿದರೆ ನಿಲ್ಲುತ್ತದೆ

ಇದು ಎಷ್ಟೋ ಸಲ ದೋಷವೇ ಅಲ್ಲ. ದಡಕ್ಕೆ ತರುವಾಗ, ಸ್ಟಾರ್ಟಿಗೆ ಕಾಯುವಾಗ ದೋಣಿಯ ವೇಗ ತುಂಬಾ ಕಡಿಮೆ, ಧಾರೆ ನಿಂತೇ ನಿಲ್ಲುತ್ತದೆ. ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ. ಧಾರೆ ನಿಂತಾಗ ಜಾಕೆಟ್ (ಇಂಜಿನ್ ಸುತ್ತ ನೀರು ಓಡುವ ಪೊಳ್ಳು ಕವಚ) ಒಳಗೆ ನೀರು ಉಳಿಯುತ್ತದಾ, ಇಲ್ಲ ಖಾಲಿಯಾಗುತ್ತದಾ?

ಜಾಕೆಟ್‌ಗೆ ನೀರು ಕೆಳಗಿನ ನಿಪ್ಪಲ್‌ನಿಂದ ಒಳಬಂದು ಮೇಲಿನ ನಿಪ್ಪಲ್‌ನಿಂದ ಹೊರಹೋಗಬೇಕು. ತಿರುಗಿಸಿ ಹಾಕಿದರೆ ಹರಿವು ಅಷ್ಟೇ ಇರುತ್ತದೆ, ಆದರೆ ಜಾಕೆಟ್‌ನ ತಲೆಯಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಗಾಳಿ ಕೂತ ಜಾಗದಲ್ಲಿ ಲೋಹಕ್ಕೆ ನೀರು ಮುಟ್ಟುವುದಿಲ್ಲ. ಹೆಡ್‌ನಲ್ಲಿ ಅತಿ ಹೆಚ್ಚು ಬಿಸಿ ಇರುವುದೂ ಅದೇ ಕಡೆ. ಮೇಲಿನ ನಿಪ್ಪಲ್‌ನಿಂದ ಹೊರಟ ಟ್ಯೂಬ್ ಔಟ್‌ಲೆಟ್‌ವರೆಗೆ ಮೇಲ್ಮುಖವಾಗಿಯೇ ಹೋಗಬೇಕು. ಕೊನೆಗೆ ಸಮಮಟ್ಟದಲ್ಲಾದರೂ ಇರಬೇಕು. ಇಡೀ ಲೈನಿನಲ್ಲಿ ಔಟ್‌ಲೆಟ್ ಎಲ್ಲಕ್ಕಿಂತ ಮೇಲಿದ್ದರೆ ಗಾಳಿ ಗುಳ್ಳೆಗೆ ನಡುವೆ ನಿಲ್ಲಲು ಜಾಗವೇ ಸಿಗುವುದಿಲ್ಲ, ನೀರಿನ ಜೊತೆ ಹೊರಬೀಳುತ್ತದೆ.

ಔಟ್‌ಲೆಟ್ ಜಾಕೆಟ್‌ಗಿಂತ ತಗ್ಗಿನಲ್ಲಿದ್ದರೆ ನಿಧಾನವಾದ ಕೂಡಲೇ ಔಟ್‌ಲೆಟ್‌ನಿಂದಲೇ ನೀರು ಸೋರಿ ಹೋಗಲು ಶುರುವಾಗುತ್ತದೆ. ನಿಮಗೆ ಕಾಣುವುದು ತೊಟ್ಟಿಕ್ಕುವ ನೀರು, ಸುಮ್ನೆ ಇನ್ನೂ ಹರಿಯುತ್ತಿದೆ ಅಂದುಕೊಳ್ಳುತ್ತೀರಿ. ಒಳಗೆ ಜಾಕೆಟ್ ಖಾಲಿಯಾಗುತ್ತಿರುತ್ತದೆ. ಇದನ್ನೇ ನಾನು ಸುಳ್ಳು ಧಾರೆ ಅನ್ನುವುದು.

ದೋಣಿ ಪೂರ್ತಿ ನಿಂತ ಮೇಲೆ ಜಾಕೆಟ್ ನೀರಿನ ಮಟ್ಟಕ್ಕಿಂತ ಮೇಲಿದ್ದರೆ ಔಟ್‌ಲೆಟ್‌ನಿಂದ ಗಾಳಿ ಒಳಬಂದು ಪಿಕಪ್ ಕಡೆಯಿಂದ ನೀರು ವಾಪಸ್ ಇಳಿಯುತ್ತದೆ. ಇದನ್ನು ತಡೆಯಲು ಹೋಗಬೇಡಿ. ಕೊನೆಯಲ್ಲಿ ಅರ್ಧ ಸುತ್ತು ಕಡಿಮೆ ಥ್ರಾಟಲ್‌ನಲ್ಲಿ, ಆದರೆ ಧಾರೆ ಬರುವಷ್ಟು ವೇಗದಲ್ಲಿ ಓಡಿಸಿ, ಆಮೇಲೆ ದಡಕ್ಕೆ ತನ್ನಿ. ಇಷ್ಟೇ ಸಾಕು.

ನೇರದಲ್ಲಿ ಸರಿ, ತಿರುವಿನಲ್ಲಿ ಮಾಯ

ಇದರಲ್ಲಿ ಎರಡು ಬಗೆ. ಒಂದು, ತಿರುವಿನಲ್ಲಿ ಪಿಕಪ್ ನೀರು ಬಿಟ್ಟು ಮೇಲೇಳುತ್ತದೆ ಅಥವಾ ನೊರೆ ಕುಡಿಯುತ್ತದೆ. ಇನ್ನೊಂದು, ಔಟ್‌ಲೆಟ್ ಇರುವ ಬದಿ ವಾಲಿ ನೀರಿಗೆ ತಾಗುತ್ತದೆ. ದಡದಿಂದ ಎರಡೂ ಒಂದೇ ತರಹ ಕಾಣುತ್ತವೆ, ಆದರೆ ತಿರುವು ಮುಗಿದ ಮೇಲಿನ ಒಂದು ಸೆಕೆಂಡ್ ಗಮನಿಸಿದರೆ ಬೇರೆ ಬೇರೆ ಅಂತ ಗೊತ್ತಾಗುತ್ತದೆ. ಪಿಕಪ್ ಗಾಳಿ ಕುಡಿದಿದ್ದರೆ ಆ ಗಾಳಿ ಲೈನಿನಲ್ಲೆಲ್ಲ ಸಾಗಿ ಹೊರಬರಬೇಕು, ಹಾಗಾಗಿ ನೇರಕ್ಕೆ ಬಂದ ಮೇಲೂ ಧಾರೆ ಸ್ವಲ್ಪ ಹೊತ್ತು ಕೆಮ್ಮುತ್ತದೆ, ಪುಸ್ ಪುಸ್ ಅಂತ ಉಗುಳುತ್ತದೆ. ಔಟ್‌ಲೆಟ್ ಬರೀ ಮುಳುಗಿದ್ದಾದರೆ ದೋಣಿ ಎದ್ದ ತಕ್ಷಣ ಧಾರೆ ಪೂರ್ತಿಯಾಗಿ, ಒಂದೇ ಏಟಿಗೆ ವಾಪಸ್ ಬರುತ್ತದೆ.

ಮೊದಲನೆಯದಕ್ಕೆ ಔಟ್‌ಲೆಟ್ ಎಲ್ಲಿಟ್ಟರೂ ಪ್ರಯೋಜನವಿಲ್ಲ. ಪಿಕಪ್ಪನ್ನು ಇನ್ನಷ್ಟು ಆಳಕ್ಕೆ ಇಳಿಸಿ, ಇಲ್ಲವೇ ಪ್ರೊಪೆಲ್ಲರ್ ನೊರೆಯಿಂದ ಆಚೆ ಸರಿಸಿ.

ಎರಡನೆಯದಕ್ಕೆ ಬದಿ ಬದಲಿಸಬೇಕು. ಮಾಡೆಲ್ ಬೋಟುಗಳ ಓವಲ್ ರೇಸು ಸಾಮಾನ್ಯವಾಗಿ ಗಡಿಯಾರದ ಮುಳ್ಳು ತಿರುಗುವ ದಿಕ್ಕಿನಲ್ಲಿ, ಅಂದರೆ ಎಲ್ಲ ತಿರುವುಗಳೂ ಬಲಕ್ಕೆ. ವಿ ತಳದ ದೋಣಿ ಬಲಕ್ಕೆ ತಿರುಗುವಾಗ ಬಲಬದಿಗೇ ವಾಲುತ್ತದೆ. ಬಲಬದಿಯ ಔಟ್‌ಲೆಟ್ ನೀರಿಗೆ ಹತ್ತಿರ ಬರುತ್ತದೆ, ಎಡಬದಿಯದ್ದು ಮೇಲೇಳುತ್ತದೆ. ಇನ್ನೊಂದು ಲಾಭವೂ ಇದೆ. ನೀವು ದಡದಲ್ಲಿ ನಿಂತಿದ್ದೀರಿ, ದೋಣಿ ಬಲಸುತ್ತು ಹಾಕುತ್ತಿದೆ. ನಿಮಗೆ ಹತ್ತಿರದ ನೇರದಲ್ಲಿ ಅದು ನಿಮ್ಮ ಬಲಗಡೆಯಿಂದ ಎಡಗಡೆಗೆ ಹೋಗುತ್ತದೆ. ಆಗ ನಿಮ್ಮ ಕಡೆ ಇರುವುದು ಅದರ ಎಡಬದಿ. ಬಲಬದಿ ಕಾಣುವುದು ದೂರದ ನೇರದಲ್ಲಿ ಮಾತ್ರ, ಅಷ್ಟು ದೂರದಿಂದ 4 ಮಿ.ಮೀ. ಧಾರೆ ಯಾರ ಕಣ್ಣಿಗೆ ಬೀಳುತ್ತದೆ ಹೇಳಿ? ಹಾಗಾಗಿ ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ, ಎಡಬದಿ. ನಿಮ್ಮಲ್ಲಿ ಎಡಸುತ್ತಿನ ರೇಸಾದರೆ ಎಲ್ಲವನ್ನೂ ಉಲ್ಟಾ ಮಾಡಿಕೊಳ್ಳಿ.

ಹೈಡ್ರೋಪ್ಲೇನ್ (ನೀರಿನ ಮೇಲ್ಮೈಯಲ್ಲಿ ಜಾರುವ ಚಪ್ಪಟೆ ರೇಸ್ ಬೋಟ್) ವಾಲುವುದು ಕಡಿಮೆ, ಆದರೆ ಸ್ಪಾನ್ಸನ್ (ಎರಡೂ ಬದಿಗೆ ಚಾಚಿದ ತೇಲು ಭಾಗ) ಹಿಂದಿನಿಂದ ನೀರು ಹಾಳೆಯ ಹಾಗೆ ಎದ್ದು ಬದಿಗೆ ಬಡಿಯುತ್ತದೆ. ಆ ದಾರಿಯಲ್ಲಿ ಔಟ್‌ಲೆಟ್ ಇಡಬೇಡಿ. ಯಾವ ಜಾಗ ಅಂತ ತಿಳಿಯಲು ಗೆಳೆಯರಿಂದ ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಸಿ ನೋಡಿ. ಬದಿಯಲ್ಲಿ ಎಲ್ಲಿ ಒಣಗಿರುತ್ತದೆ ಅಂತ ಸ್ಪಷ್ಟವಾಗಿ ಕಾಣುತ್ತದೆ.

ಧಾರೆ ಜೋರಾಗಿದೆ, ಆದರೂ ಇಂಜಿನ್ ಬಿಸಿ

ಎಲ್ಲಕ್ಕಿಂತ ಹೆಚ್ಚು ಇಂಜಿನ್‌ಗಳನ್ನು ಕೊಲ್ಲುವುದು ಈ ದೋಷ ಅಂತ ನನ್ನ ಅನಿಸಿಕೆ. ಯಾಕೆಂದರೆ ಧಾರೆ ಕಂಡ ಮೇಲೆ ಯಾರೂ ನೀರಿನ ಮೇಲೆ ಅನುಮಾನ ಪಡುವುದಿಲ್ಲ.

ನನ್ನ ಪೆಟ್ರೋಲ್ ದೋಣಿಯಲ್ಲಿ ಪಿಕಪ್ ಒಂದೇ ಇತ್ತು. ಅಲ್ಲಿಂದ ಬಂದ ಟ್ಯೂಬನ್ನು ಟಿ ಜಾಯಿಂಟ್ ಹಾಕಿ ಎರಡು ಮಾಡಿದ್ದೆ, ಒಂದು ಹೆಡ್‌ಗೆ, ಇನ್ನೊಂದು ಇಂಜಿನ್ನಿನಿಂದ ಹೊಗೆ ಹೊರತರುವ ಮೊದಲ ಪೈಪಾದ ಎಕ್ಸಾಸ್ಟ್ ಹೆಡರ್‌ಗೆ. ಎರಡೂ ಕಡೆಯ ನೀರು ಇನ್ನೊಂದು ಟಿ ಜಾಯಿಂಟ್‌ನಲ್ಲಿ ಸೇರಿ ಒಂದೇ ಔಟ್‌ಲೆಟ್‌ನಿಂದ ಹೊರಗೆ. ಬದಿಯಲ್ಲಿ ಒಂದೇ ತೂತು, ನೋಡಲು ಅಚ್ಚುಕಟ್ಟು. ಧಾರೆ ಒಂದೂವರೆ ಮೀಟರ್ ದೂರ ಚಿಮ್ಮುತ್ತಿತ್ತು. ಆದರೂ ಪ್ರತಿ ಸಲ ಮೂರನೇ ನಿಮಿಷಕ್ಕೆ ಎಕ್ಸಾಸ್ಟ್ ಕಡೆಯಿಂದ ಸುಟ್ಟ ವಾಸನೆ. ಹೆಡರ್ ಮತ್ತು ಪೈಪು ಸೇರುವ ಕಡೆಯ ಸಿಲಿಕೋನ್ ಕಪ್ಲಿಂಗ್ ಅಂಚು ಕಪ್ಪಾಗಿ, ಉಗುರಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು. ನಾನು ಇಂಧನದ ಮಿಶ್ರಣ ಬದಲಿಸಿದೆ. ಕಪ್ಲಿಂಗ್ ಎರಡು ಸಲ ಬದಲಿಸಿದೆ. ನೀರಿನ ಬಗ್ಗೆ ಯೋಚನೆಯೇ ಬರಲಿಲ್ಲ, ಧಾರೆ ಅಷ್ಟು ಚೆನ್ನಾಗಿ ಬರುತ್ತಿತ್ತಲ್ಲ.

ಕೊನೆಗೊಂದು ದಿನ ಎರಡನೇ ಟಿ ಜಾಯಿಂಟ್ ಬಿಚ್ಚಿ, ಎರಡು ಟ್ಯೂಬುಗಳನ್ನು ಎರಡು ಜಗ್‌ಗಳಿಗೆ ಬಿಟ್ಟು ಬಾಟಲಿ ಪರೀಕ್ಷೆ ಮಾಡಿದೆ. ಒಂದು ನಿಮಿಷಕ್ಕೆ ಹೆಡ್ ಕಡೆಯಿಂದ ಅರ್ಧ ಲೀಟರಿಗೂ ಹೆಚ್ಚು. ಹೆಡರ್ ಕಡೆಯಿಂದ ಜಗ್‌ನ ತಳ ಒದ್ದೆಯಾಗಿತ್ತು, ಅಷ್ಟೇ. ಹುಡುಕಿದರೆ ಹೆಡರ್ ಟ್ಯೂಬ್ ಇಂಜಿನ್ ಮೌಂಟ್ ಕೆಳಗೆ ಹಾದುಹೋಗುವ ಕಡೆ ಮೌಂಟಿನ ಅಂಚಿಗೆ ಸಿಕ್ಕಿ ಚಪ್ಪಟೆಯಾಗಿತ್ತು. ಮೇಲಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಟ್ಯೂಬ್ ಎಳೆದು ತೆಗೆದು ಬೆಳಕಿಗೆ ಹಿಡಿದಾಗ ಒಂದು ಬೆರಳು ಅಗಲದಷ್ಟು ಜಾಗದಲ್ಲಿ ಅದು ಬಿಳಚಿಕೊಂಡು, ಒಳಗೋಡೆಗಳು ಒಂದಕ್ಕೊಂದು ಅಂಟಿದ ಹಾಗಿತ್ತು.

ನೀರು ಯಾವಾಗಲೂ ಸಲೀಸಾದ ದಾರಿ ಹಿಡಿಯುತ್ತದೆ. ಎರಡು ದಾರಿ ಕೊಟ್ಟು ಒಂದು ಕಟ್ಟಿಕೊಂಡರೆ ಅದು ಗಲಾಟೆ ಮಾಡುವುದಿಲ್ಲ, ಇನ್ನೊಂದು ದಾರಿಯಲ್ಲಿ ಹೋಗಿಬಿಡುತ್ತದೆ, ಮತ್ತೆ ಹೊರಗಡೆ ಸೇರಿಸಿದ ಔಟ್‌ಲೆಟ್‌ನಲ್ಲಿ ಧಾರೆ ಮೊದಲಿನ ಹಾಗೇ ಕಾಣುತ್ತದೆ. ಆದ್ದರಿಂದ ನೀರು ಹೊರಹೋಗುವ ಕಡೆ ಟಿ ಜಾಯಿಂಟ್ ಹಾಕಲೇಬೇಡಿ. ಒಳಗೆ ಎಷ್ಟು ದಾರಿ ಇದೆಯೋ ಹೊರಗೆ ಅಷ್ಟು ಔಟ್‌ಲೆಟ್. ಹೆಡ್‌ಗೊಂದು, ಹೆಡರ್‌ಗೊಂದು. ಎಲೆಕ್ಟ್ರಿಕ್ ದೋಣಿಯಲ್ಲಿ ಮೋಟಾರ್‌ಗೊಂದು, ಸ್ಪೀಡ್ ಕಂಟ್ರೋಲರ್‌ಗೊಂದು. ಸಾಧ್ಯವಾದರೆ ಪಿಕಪ್ ಕೂಡ ಬೇರೆ ಬೇರೆ. ಒಂದೇ ಲೈನಿನಲ್ಲಿ ಎರಡನ್ನೂ ಸಾಲಾಗಿ ತಂಪು ಮಾಡುವುದಾದರೆ ತಣ್ಣನೆಯ ನೀರು ಮೊದಲು ಸ್ಪೀಡ್ ಕಂಟ್ರೋಲರ್‌ಗೆ ಹೋಗಲಿ, ಅದಕ್ಕೆ ಬಿಸಿ ತಡೆಯುವ ಶಕ್ತಿ ಕಡಿಮೆ.

ಎರಡು ಧಾರೆ ಇದ್ದಾಗ ಯಾವುದು ಯಾವುದರದ್ದು ಅಂತ ದೂರದಿಂದ ತಿಳಿಯಬೇಕು. ನಾನು ಅವುಗಳನ್ನು ಒಂದು ಗೇಣಿನಷ್ಟು ಹಿಂದೆ ಮುಂದೆ ಇಟ್ಟು, ಹೆಡ್‌ನದ್ದು ನೇರ ಬದಿಗೆ, ಹೆಡರ್‌ನದ್ದು ಸ್ವಲ್ಪ ಮೇಲಕ್ಕೆ ಚಿಮ್ಮುವಂತೆ ಮಾಡಿದ್ದೇನೆ. ಮೇಲಿನ ಧಾರೆ ಕುಗ್ಗಿದರೆ ಹೆಡರ್ ಲೈನಿನಲ್ಲಿ ಏನೋ ಆಗಿದೆ ಅಂತ ಅರ್ಥ. ಆ ಕ್ಷಣವೇ ಥ್ರಾಟಲ್ ಇಳಿಸುತ್ತೇನೆ.

ಧಾರೆಯ ಜೊತೆ ಹಬೆ

ಬಿಟ್ಟು ಬಿಟ್ಟು ಹಬೆ ಬಂದರೆ ಒಳಗೆ ನೀರು ಕುದಿಯುತ್ತಿದೆ. ಹರಿವು ಕಡಿಮೆಯಿದೆ ಅಥವಾ ಜಾಕೆಟ್‌ನಲ್ಲಿ ಗಾಳಿ ಕೂತಿದೆ. ಕೂಡಲೇ ನಿಲ್ಲಿಸಿಬಿಡಬೇಡಿ, ಥ್ರಾಟಲ್ ಇಳಿಸಿ ಧಾರೆ ಉಳಿಯುವಷ್ಟು ವೇಗದಲ್ಲಿ ದಡಕ್ಕೆ ತನ್ನಿ. ಕುದಿಯುತ್ತಿರುವ ಹೆಡ್ ಮೇಲೆ ತಣ್ಣೀರು ಸುರಿಯಬೇಡಿ, ತಾನಾಗಿ ಆರಲಿ.

ದೋಣಿಯೊಳಗೆ ನೀರು

ಕೂಲಿಂಗ್ ಲೈನು ಬಿಚ್ಚಿಕೊಂಡರೆ ದೋಣಿ ತನ್ನ ಹೊಟ್ಟೆಯನ್ನು ತಾನೇ ತುಂಬಿಕೊಳ್ಳುತ್ತದೆ. ಔಟ್‌ಲೆಟ್‌ನ ಜಾಗವೂ ಇದಕ್ಕೆ ಕಾರಣ ಆಗಬಹುದು. ನಿಂತಿರುವ ದೋಣಿ ಓಡುವ ದೋಣಿಗಿಂತ ಆಳವಾಗಿ ಕೂರುತ್ತದೆ, ಇದನ್ನು ಮರೆತು ಕೊರೆದ ತೂತು ನಿಂತಾಗ ಮುಳುಗಿರುತ್ತದೆ. ಆಗ ಒಳಗಡೆ ಟ್ಯೂಬ್ ಜಾರಿದರೆ ನೀರು ಸದ್ದಿಲ್ಲದೆ ಒಳಗೆ ಬರುತ್ತಲೇ ಇರುತ್ತದೆ. ಇಂಧನ ಟ್ಯಾಂಕ್ ತುಂಬಿಸಿ, ಬ್ಯಾಟರಿ ಎಲ್ಲ ಇಟ್ಟು, ದೋಣಿಯನ್ನು ನೀರಲ್ಲಿ ಸುಮ್ನೆ ತೇಲಿಸಿ ಬದಿಯಲ್ಲಿ ನೀರಿನ ಗೆರೆ ಗುರುತು ಮಾಡಿಕೊಳ್ಳಿ. ಔಟ್‌ಲೆಟ್ ಆ ಗೆರೆಗಿಂತ ಕನಿಷ್ಠ 3 ಸೆಂ.ಮೀ. ಮೇಲಿರಲಿ.

ಹಾಗಾದರೆ ಎಲ್ಲಿ ಕೊರೆಯಬೇಕು

ಮೊದಲು ಬೇಡದ ಜಾಗ ಹೇಳುತ್ತೇನೆ. ಟ್ರಾನ್ಸಮ್ ಬೇಡ. ಕೊರೆಯಲು ಸುಲಭ, ಟ್ಯೂಬ್ ನೇರವಾಗಿ ಹೋಗುತ್ತದೆ, ನಿಜ. ಆದರೆ ಹಿಂದೆ ಪ್ರೊಪೆಲ್ಲರ್ ಎಬ್ಬಿಸುವ ನೀರಿನ ಬಾಲದ ನಡುವೆ ನಿಮ್ಮ ಪುಟ್ಟ ಧಾರೆ ಕಾಣುವುದೇ ಇಲ್ಲ. ತಳದಲ್ಲಂತೂ ಬೇಡವೇ ಬೇಡ, ಓಡುವಾಗ ದೋಣಿಯನ್ನು ಎತ್ತಿ ಹಿಡಿಯುವ ಒತ್ತಡ ಇರುವುದೇ ಅಲ್ಲಿ, ಅದರ ಎದುರು ನೀರು ಹೊರಗೆ ತಳ್ಳುವುದು ಸುಮ್ಮನೆ ಹರಿವು ಕಳೆದುಕೊಳ್ಳುವ ಕೆಲಸ. ಡೆಕ್ ಮೇಲಕ್ಕೆ ಚಿಮ್ಮುವ ಔಟ್‌ಲೆಟ್ ಚೆನ್ನಾಗಿ ಕಾಣುತ್ತದೆ, ಒಪ್ಪುತ್ತೇನೆ. ಆದರೆ ಆ ನೀರು ಗಾಳಿಗೆ ವಾಪಸ್ ಬಂದು ಡೆಕ್ ಮೇಲೆ ಬೀಳುತ್ತದೆ, ಹ್ಯಾಚ್ ಟೇಪಿನ ಅಂಚು ಬಿಡಿಸುತ್ತದೆ, ಕೌಲ್‌ನ ಗಾಳಿ ಕಿಂಡಿಯಿಂದ ಕಾರ್ಬ್ಯುರೇಟರ್‌ವರೆಗೂ ಹೋಗಬಹುದು. ಬದಿಯಲ್ಲಿ ಇಟ್ಟರೂ ಕಾರ್ಬ್ಯುರೇಟರ್‌ಗೆ ಗಾಳಿ ಹೋಗುವ ಕಿಂಡಿಗಿಂತ ಮುಂದೆ ಇಡಬೇಡಿ.

ಸರಿಯಾದ ಜಾಗ ಅಂದರೆ ದೋಣಿಯ ಬದಿ, ಇಂಜಿನ್‌ಗಿಂತ ಹಿಂದೆ, ಟ್ರಾನ್ಸಮ್‌ನಿಂದ ಕಡೇಪಕ್ಷ ಒಂದು ಗೇಣು ಮುಂದೆ, ಡೆಕ್ ಅಂಚಿಗೆ ಹತ್ತಿರ, ಜಾಕೆಟ್‌ನ ಮೇಲಿನ ನಿಪ್ಪಲ್‌ಗಿಂತ ಎತ್ತರ. ಬದಿಯ ಎತ್ತರ ಅಷ್ಟಿಲ್ಲದಿದ್ದರೆ ಎಷ್ಟು ಮೇಲೆ ಸಾಧ್ಯವೋ ಅಷ್ಟು. ಬಾಯಿ ಹೊರಕ್ಕೆ, ಕೊಂಚ ಹಿಂದಕ್ಕೆ ತಿರುಗಿರಲಿ. ಒಳಗಡೆ ಆ ಜಾಗದ ಹಿಂದೆ ರೇಡಿಯೋ ಬಾಕ್ಸ್ ಇದೆಯಾ ನೋಡಿಕೊಳ್ಳಿ, ಇದ್ದರೆ ಸ್ವಲ್ಪ ಸರಿಸಿ. ನಿಪ್ಪಲ್ ಸಡಿಲವಾದ ದಿನ ಮೊದಲ ಹನಿ ಬೀಳುವುದು ರಿಸೀವರ್ ಮೇಲೆ ಆಗಬಾರದು.

ಕೊರೆಯುವಾಗ ಹೊರಗಡೆ ಟೇಪ್ ಅಂಟಿಸಿ ಅದರ ಮೇಲೆ ಗುರುತು ಹಾಕಿ. 2 ಮಿ.ಮೀ. ಬಿಟ್‌ನಿಂದ ಶುರು ಮಾಡಿ ಹಂತ ಹಂತವಾಗಿ ದೊಡ್ಡದು ಮಾಡಿ, ಫೈಬರ್‌ಗ್ಲಾಸ್ ಅಂಚು ಸಿಡಿಯುವುದಿಲ್ಲ. ಮರದ ದೋಣಿಯಾದರೆ ತೂತಿನ ಒಳಗೋಡೆಗೆ ತೆಳುವಾಗಿ ಎಪಾಕ್ಸಿ ಹಚ್ಚಿ ಒಣಗಿಸಿ, ಇಲ್ಲದಿದ್ದರೆ ಪ್ಲೈವುಡ್ ನೀರು ಕುಡಿದು ಪದರ ಬಿಡುತ್ತದೆ. ನಟ್‌ ಕೆಳಗೆ ಅಗಲವಾದ ವಾಷರ್, ವಾಷರ್ ಕೆಳಗೆ ಸಿಲಿಕೋನ್ ಸೀಲಂಟ್. ನಿಪ್ಪಲ್‌ನ ಒಳ ಅಳತೆ ಟ್ಯೂಬಿನ ಒಳ ಅಳತೆಗಿಂತ ಕಡಿಮೆ ಇರದಿರಲಿ. ಅಂಗಡಿಯ ನಿಪ್ಪಲ್‌ಗಳಲ್ಲಿ ಹೊರಗಿನ ಅಳತೆ ಒಂದೇ ಇದ್ದರೂ ಒಳಗಿನ ತೂತು ಬೇರೆ ಬೇರೆ ಇರುತ್ತದೆ, ಡ್ರಿಲ್ ಬಿಟ್ಟಿನ ಹಿಂಬದಿ ತೂರಿಸಿ ಅಳೆದು ನೋಡಿ.

ತಂಪು ಜಾಸ್ತಿಯಾದರೆ

ಹೌದು, ಇದೂ ಆಗುತ್ತದೆ. ನೀರು ವಿಪರೀತ ಹರಿದರೆ ಇಂಜಿನ್ ಸರಿಯಾದ ಬಿಸಿಗೇ ಬರುವುದಿಲ್ಲ, ಸೂಜಿ ಎಲ್ಲಿ ತಿರುಗಿಸಿದರೂ ಗೊಗ್ಗರು ಸದ್ದು. ನೈಟ್ರೋದಲ್ಲಿ ಇದು ಬೇಗ ಗೊತ್ತಾಗುತ್ತದೆ. ಹರಿವು ಕಡಿಮೆ ಮಾಡಬೇಕಾದರೆ ಎಲ್ಲಿ ತಡೆಯಬೇಕು, ಒಳಬರುವ ಕಡೆಯಾ ಹೊರಹೋಗುವ ಕಡೆಯಾ? ಒಳಬರುವ ಕಡೆ ತಡೆದರೆ ಜಾಕೆಟ್ ಪೂರ್ತಿ ತುಂಬದೇ ಹೋಗಬಹುದು. ನಾನು ಔಟ್‌ಲೆಟ್ ಕಡೆ ತಡೆಯುತ್ತೇನೆ, ಜಾಕೆಟ್ ಸದಾ ತುಂಬಿರುತ್ತದೆ. ಆದರೆ ಆಗ ಲೈನಿನ ಒಳಗಿನ ಒತ್ತಡ ಏರುತ್ತದೆ. 72 ಕಿ.ಮೀ. ವೇಗದಲ್ಲಿ 2 ಬಾರ್ ಹತ್ತಿರ ಅಂತ ಮೊದಲೇ ಹೇಳಿದೆನಲ್ಲ, ಅದು ಸಡಿಲ ಟ್ಯೂಬನ್ನು ನಿಪ್ಪಲ್‌ನಿಂದ ಕಿತ್ತುಹಾಕಲು ಸಾಕು. ತಡೆ ಹಾಕುವ ಮೊದಲು ಪ್ರತಿ ಜೋಡಣೆಗೂ ತಂತಿ ಸುತ್ತಿ ಅಥವಾ ಕ್ಲಿಪ್ ಹಾಕಿ ಬಿಗಿ ಮಾಡಿ. ಒಂದೇ ಸಲಕ್ಕೆ ಅರ್ಧ ಮಿ.ಮೀ.ಗಿಂತ ಹೆಚ್ಚು ಕಿರಿದು ಮಾಡಬೇಡಿ.

ಎಲ್ಲ ಕೂರಿಸಿದ ಮೇಲೆ ಮತ್ತೊಮ್ಮೆ ಬಾಟಲಿ ಪರೀಕ್ಷೆ ಮಾಡಿ, ಹೊಸ ಅಂಕಿ ಬರೆದುಕೊಳ್ಳಿ. ಮೊದಲ ಓಟ ಅರ್ಧ ಥ್ರಾಟಲ್‌ನಲ್ಲಿ ಎರಡೇ ಸುತ್ತು. ಹತ್ತಿರದ ನೇರದಲ್ಲಿ ಬರುವಾಗ ದೋಣಿಯ ಮೂತಿ ನೋಡುವ ಅಭ್ಯಾಸ ಬಿಟ್ಟು ಒಂದು ಸಲ ಧಾರೆ ನೋಡಿ. ದಡಕ್ಕೆ ತಂದ ಕೂಡಲೇ ಕೌಲ್ ತೆಗೆದು ಎರಡೂ ಔಟ್‌ಲೆಟ್ ಟ್ಯೂಬುಗಳನ್ನು ಬೆರಳಲ್ಲಿ ಹಿಡಿದು ನೋಡಿ. ಎರಡೂ ಬೆಚ್ಚಗಿರಬೇಕು, ಹಿಡಿದುಕೊಳ್ಳಲು ಆಗುವಷ್ಟು ಬೆಚ್ಚಗೆ. ಒಂದು ತಣ್ಣಗಿದ್ದು ಆ ಕಡೆಯ ಲೋಹ ಮುಟ್ಟಲಾಗದಷ್ಟು ಬಿಸಿಯಿದ್ದರೆ ಆ ಲೈನಿನಲ್ಲಿ ನೀರು ಓಡಿಲ್ಲ. ಮತ್ತೆ ಊದುವುದರಿಂದ ಶುರು ಮಾಡಿ.